ಕೆಂಪು ಹೋದ ಗೋಬಿ, ಕಾಣದ ಅಡುಗೆಮನೆ

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಕರ್ನಾಟಕದಲ್ಲಿ ಗೋಬಿ ಮಂಚೂರಿಯನ್ನು ನಿಷೇಧ ಮಾಡಿದ್ದಾರಾ, ಇಲ್ಲವಾ? "ಹೌದಲ್ಲ, ಯಾವಾಗಲೋ ಬ್ಯಾನ್ ಆಯ್ತಲ್ಲ" ಅನ್ನುವವರು ಇವತ್ತಿಗೂ ಸಿಗ್ತಾರೆ. ಸಂಜೆ ಆದರೆ ಅದೇ ಜನ ಬೀದಿ ಕೊನೆಯ ಗಾಡಿ ಮುಂದೆ ಪ್ಲೇಟ್ ಹಿಡಿದು ನಿಂತಿರ್ತಾರೆ, ಅದು ಬೇರೆ ಮಾತು.

ಉತ್ತರ ಹೇಳಿಬಿಡ್ತೀನಿ. ಗೋಬಿ ನಿಷೇಧ ಆಗಿಲ್ಲ. ನಿಷೇಧ ಆಗಿದ್ದು ಬಣ್ಣ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಘೋಷಿಸಿದ್ದು ಇಷ್ಟೇ: ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ, ಬಣ್ಣ ಹಾಕಿದ ಕಾಟನ್ ಕ್ಯಾಂಡಿ ಮಾರುವಂತಿಲ್ಲ. ರಾಜ್ಯದ ಬೇರೆ ಬೇರೆ ಕಡೆಯಿಂದ ತಂದ 171 ಗೋಬಿ ಸ್ಯಾಂಪಲ್‌ಗಳಲ್ಲಿ 107 ಅಸುರಕ್ಷಿತ ಅಂತ ಲ್ಯಾಬ್ ಹೇಳಿತ್ತು. ಕಾಟನ್ ಕ್ಯಾಂಡಿಯ 25 ಸ್ಯಾಂಪಲ್‌ಗಳಲ್ಲಿ 15. ನಿಯಮ ಮುರಿದರೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂಬ ಎಚ್ಚರಿಕೆಯೂ ಬಂತು. ಆದರೆ ಜನರ ಬಾಯಲ್ಲಿ ಉಳಿದದ್ದು ಎರಡೇ ಪದ: "ಗೋಬಿ ಬ್ಯಾನ್."

ಇದು ಬರೀ ಪದದ ವ್ಯತ್ಯಾಸ ಅಲ್ಲ. ಆಹಾರ ಸುರಕ್ಷತೆಯ ಕಾನೂನನ್ನು ನಾವೂ, ಹೋಟೆಲ್‌ನವರೂ ಹೇಗೆ ನೋಡ್ತಿದ್ದೇವೆ ಅನ್ನೋದು ಇದರಲ್ಲೇ ಇದೆ. ನಮಗೆ ಅದು ಆಗಾಗ ಬರುವ ಒಂದು ಸುದ್ದಿ. ಮಾರ್ಚ್‌ನಲ್ಲಿ ಗೋಬಿ. ಅದೇ ವರ್ಷದ ಜೂನ್‌ನಲ್ಲಿ ಕಬಾಬ್: 39 ಸ್ಯಾಂಪಲ್‌ಗಳಲ್ಲಿ 8ರಲ್ಲಿ ಕೃತಕ ಬಣ್ಣ. ಅದರ ಬೆನ್ನಿಗೇ ಪಾನಿಪೂರಿ: 260ರಲ್ಲಿ 41 ಅಸುರಕ್ಷಿತ. 2025ರ ಫೆಬ್ರವರಿಯಲ್ಲಿ ಇಡ್ಲಿ: 251 ಕಡೆ ನೋಡಿದರೆ 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸ್ತಿದ್ರು. ಪ್ರತಿ ಸಲವೂ ಒಂದು ವಾರ ಗಾಬರಿ, ಎರಡು ವಾರ ಜೋಕು, ಮೂರನೇ ವಾರ ಮರೆವು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ, ಇಂಜಿನಿಯರಿಂಗ್ ಓದಿದ ಅಭ್ಯಾಸ. 171ಕ್ಕೆ 107 ಅಂದ ತಕ್ಷಣ "ರಾಜ್ಯದ ನೂರರಲ್ಲಿ ಅರವತ್ತು ಗೋಬಿ ವಿಷ" ಅಂತ ಲೆಕ್ಕ ಹಾಕಬೇಡಿ. ಸ್ಯಾಂಪಲ್ ಎಲ್ಲಿಂದ ತಂದರು, ಹೇಗೆ ಆರಿಸಿದರು ಅನ್ನೋದರ ಮೇಲೆ ಆ ಶೇಕಡಾವಾರು ನಿಂತಿರುತ್ತೆ. ಸಮಸ್ಯೆ ಇದೆ ಅನ್ನೋದಕ್ಕೆ ಆ ಅಂಕಿ ಸಾಕ್ಷಿ. ಎಷ್ಟು ದೊಡ್ಡದು ಅನ್ನೋದಕ್ಕೆ ಅಲ್ಲ.

ಈಗ ಬಣ್ಣದ ವಿಷಯಕ್ಕೆ ಬರೋಣ. ಎಲ್ಲ ಬಣ್ಣವೂ ಒಂದೇ ಅಲ್ಲ. ರೋಡಮೈನ್-ಬಿ ಅನ್ನೋದು ಬಟ್ಟೆಗೆ, ಕಾಗದಕ್ಕೆ ಹಾಕುವ ಕಾರ್ಖಾನೆಯ ಬಣ್ಣ. ಅದನ್ನು ಯಾವ ತಿನಿಸಿಗೂ, ಎಷ್ಟೇ ಸಣ್ಣ ಪ್ರಮಾಣದಲ್ಲೂ ಹಾಕುವಂತಿಲ್ಲ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಹಾಗಲ್ಲ. ಇವು ನಮ್ಮ ಕಾನೂನೇ ಒಪ್ಪಿರುವ 8 ಕೃತಕ ಬಣ್ಣಗಳ ಪಟ್ಟಿಯಲ್ಲಿವೆ. ಆದರೆ ಎಲ್ಲಿ ಬೇಕಾದರೂ ಅಲ್ಲ. ಕೆಲವು ಸಿಹಿತಿಂಡಿ, ಐಸ್‌ಕ್ರೀಂ, ಬಿಸ್ಕತ್ತಿನಂಥ ನಿಗದಿತ ತಿನಿಸುಗಳಿಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ಕಿಲೋಗೆ 100 ಮಿಲಿಗ್ರಾಂ ಮಿತಿಯಲ್ಲಿ.

100 ಮಿಲಿಗ್ರಾಂ ಅಂದರೆ ಎಷ್ಟು ಗೊತ್ತಾ? ಎರಡು ಬೆರಳಲ್ಲಿ ಎತ್ತುವ ಒಂದು ಚಿಟಿಕೆಗಿಂತ ಕಡಿಮೆ. ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಅದನ್ನು ತೂಗೋಕೆ ಯಂತ್ರ ಇರುತ್ತೆ. ತಳ್ಳುಗಾಡಿಯಲ್ಲಿ ಇರೋದು ಡಬ್ಬಿ ಮತ್ತು ಚಮಚ. ಹಾಗಾಗಿ "ಇದು ಪರ್ಮಿಷನ್ ಇರೋ ಕಲರ್ರೇ ಸಾರ್, ಪ್ಯಾಕೆಟ್ ಮೇಲೆ ಬರೆದಿದೆ ನೋಡಿ" ಅಂತ ಗಾಡಿಯವರು ಹೇಳಿದರೆ ಅವರು ಸುಳ್ಳು ಹೇಳ್ತಿಲ್ಲದೇ ಇರಬಹುದು. ಪ್ಯಾಕೆಟ್ ಅಂಗಡಿಯಲ್ಲಿ ಸಿಗುತ್ತೆ, ಅದಕ್ಕೆ ಲೈಸೆನ್ಸೂ ಇರುತ್ತೆ. ಆದರೆ ಅದು ಗೋಬಿಗೆ ಅಲ್ಲ. ಈ ವ್ಯತ್ಯಾಸವನ್ನು ಅವರಿಗೆ ಯಾರು ಹೇಳಿದ್ರು? ದಾಳಿಗೆ ಬಂದ ದಿನ ಜೀಪಿನಿಂದ ಇಳಿದವರು. ಅದಕ್ಕಿಂತ ಮೊದಲು ಯಾರಾದರೂ ಹೇಳಿದ್ದಾರಾ ಅನ್ನೋದೇ ಪ್ರಶ್ನೆ.

ಇನ್ನೊಂದು ಪ್ರಶ್ನೆ: ಕೆಂಪು ಬೇಕು ಅಂದವರು ಯಾರು? ಹೂಕೋಸು ಬಿಳಿ. ಕಡಲೆಹಿಟ್ಟು, ಕಾರ್ನ್‌ಫ್ಲೋರ್, ಮೈದಾ ಯಾವುದೂ ಕೆಂಪಲ್ಲ. ಬಣ್ಣ ಇಲ್ಲದ ಗೋಬಿ ಎದುರಿಗೆ ಬಂದಾಗ "ಏನ್ರೀ ಇದು, ಸಪ್ಪೆ ಇದೆ" ಅಂತ ತಿನ್ನುವ ಮೊದಲೇ ತೀರ್ಪು ಕೊಡುವವರು ನಾವೇ. ತಮಾಷೆ ನೋಡಿ, ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರೋದು ಖಾರಕ್ಕಲ್ಲ, ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಅದರಿಂದ ತೆಗೆದ ಬಣ್ಣದ ಸತ್ವ ದೇಶ ದಾಟಿ ಹೋಗುತ್ತೆ. ಅಂಥ ಮೆಣಸಿನಕಾಯಿ ಬೆಳೆಯುವ ನಾಡಿನಲ್ಲೇ ಗೋಬಿಗೆ ಕೆಂಪು ಬರೋದು ಡಬ್ಬಿಯಿಂದ. ಯಾಕೆ? ಬ್ಯಾಡಗಿ ಪುಡಿ ದುಬಾರಿ, ಕಾದ ಎಣ್ಣೆಯಲ್ಲಿ ಕಪ್ಪಾಗುತ್ತೆ. ಡಬ್ಬಿಯ ಬಣ್ಣ ಅಗ್ಗ, ಎಷ್ಟು ಕಾಸಿದರೂ ಹಾಗೇ ಇರುತ್ತೆ. ಪ್ಲೇಟಿಗೆ ಐದು ರೂಪಾಯಿ ಜಾಸ್ತಿ ಅಂದರೆ ನಾವು ಪಕ್ಕದ ಗಾಡಿಗೆ ಹೋಗ್ತೀವಿ.

ಇಲ್ಲಿಗೆ ಬಣ್ಣದ ಕಥೆ ಮುಗಿಸಿದರೆ ಅರ್ಧ ಹೇಳಿದಂತೆ. ಇನ್ನರ್ಧ ಕಾನೂನಿನ ಒಳಗಿದೆ.

ನಮ್ಮಲ್ಲಿ ಮೊದಲು ಇದ್ದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಹೆಸರಲ್ಲೇ ಎಲ್ಲ ಇದೆ. ಹಾಲಿಗೆ ನೀರು, ಮೆಣಸಿನಪುಡಿಗೆ ಇಟ್ಟಿಗೆ ಪುಡಿ, ಮೆಣಸಿಗೆ ಪಪ್ಪಾಯಿ ಬೀಜ. ಸ್ಯಾಂಪಲ್ ತಗೋ, ಲ್ಯಾಬಿಗೆ ಕಳಿಸು, ಕೋರ್ಟಿಗೆ ಹಾಕು. ಅದರ ಜಾಗಕ್ಕೆ ಬಂದದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಪೂರ್ತಿ ಜಾರಿಗೆ ಬಂದದ್ದು 2011ರ ಆಗಸ್ಟ್ 5ರಿಂದ. ಈ ಕಾಯ್ದೆ ತಟ್ಟೆಯಲ್ಲಿ ಏನಿದೆ ಅಂತ ಕೇಳಿ ಸುಮ್ಮನಾಗಲ್ಲ. ಅಡುಗೆಮನೆಯಲ್ಲಿ ಏನು ನಡೀತಿದೆ ಅಂತಲೂ ಕೇಳುತ್ತೆ. ನೀರು ಎಲ್ಲಿಂದ ಬರುತ್ತೆ, ಭಟ್ಟರಿಗೆ ಕೈ ತೊಳೆಯೋಕೆ ಜಾಗ ಇದೆಯಾ, ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಿದೆಯಾ, ಹಸಿ ಮಾಂಸ ಮತ್ತು ಬೇಯಿಸಿದ ಅಡುಗೆ ಒಂದೇ ಕಡೆ ಇಟ್ಟಿದ್ದಾರಾ, ಬಿಸಿ ಇರಬೇಕಾದ್ದು ಬಿಸಿಯಾಗಿ, ತಣ್ಣಗೆ ಇರಬೇಕಾದ್ದು ತಣ್ಣಗೆ ಇದೆಯಾ.

ಈ ಯೋಚನೆಗೆ ಒಂದು ಹಿನ್ನೆಲೆ ಇದೆ. 1960ರ ದಶಕದಲ್ಲಿ ಅಮೆರಿಕದ ನಾಸಾ ಗಗನಯಾತ್ರಿಗಳಿಗೆ ಊಟ ತಯಾರಿಸುವ ಕೆಲಸದಲ್ಲಿ ಪಿಲ್ಸ್‌ಬರಿ ಕಂಪನಿ ಕೈಜೋಡಿಸಿತ್ತು. ಬಾಹ್ಯಾಕಾಶದಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೂ ಕಷ್ಟ. ಆದರೆ ಪ್ರತಿ ಪೊಟ್ಟಣ ಒಡೆದು ಪರೀಕ್ಷಿಸಿದರೆ ಕೊನೆಗೆ ತಿನ್ನೋಕೆ ಉಳಿಯೋದು ಏನು? ಹಾಗಾಗಿ ಅವರು ತಯಾರಾದ ಊಟದ ಬದಲು ತಯಾರಿಸುವ ದಾರಿಯನ್ನು ನೋಡಿದರು: ಎಲ್ಲಿ ತಪ್ಪಾಗಬಹುದು, ಅಲ್ಲಲ್ಲೇ ಕಾವಲು ಹಾಕು. ಇಂದು ಜಗತ್ತಿನ ಆಹಾರ ಸುರಕ್ಷತೆಯ ನಿಯಮಗಳ ಬೆನ್ನೆಲುಬು ಅದೇ ಪದ್ಧತಿ. ನಮ್ಮ ಕಾನೂನು 2011ರಲ್ಲೇ ಆ ಕಡೆ ತಿರುಗಿತು. ನಮ್ಮ ಮನಸ್ಸು ಮಾತ್ರ ಇನ್ನೂ 1954ರಲ್ಲೇ ಇದೆ. ನಮಗೆ ಆಹಾರ ಸುರಕ್ಷತೆ ಅಂದರೆ ಇವತ್ತಿಗೂ ಕಲಬೆರಕೆ, ಕಲಬೆರಕೆ ಅಂದರೆ ರೇಡ್.

ಹೋಟೆಲ್ ಮಾಲೀಕರನ್ನು ಮಾತಾಡಿಸಿ ನೋಡಿ. ಅವರ ದೂರು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಪಾಲಿಕೆಗೆ ಒಂದು ಲೈಸೆನ್ಸ್, ಆಹಾರ ಇಲಾಖೆಗೆ ಒಂದು, ಕಾರ್ಮಿಕ ಇಲಾಖೆ, ಅಗ್ನಿಶಾಮಕ, ಮಾಲಿನ್ಯ ನಿಯಂತ್ರಣ, ಒಬ್ಬರ ಹಿಂದೆ ಒಬ್ಬರು. "ನಾವು ಬಾಡಿಗೆ ಕಟ್ಟಿ, ಟ್ಯಾಕ್ಸ್ ಕಟ್ಟಿ ಕೂತಿದ್ದೀವಿ, ನಮ್ಮನ್ನೇ ಹಿಡೀತಾರೆ. ಎದುರಿಗೆ ಚರಂಡಿ ಮೇಲೆ ಗಾಡಿ ಹಾಕಿದವನನ್ನು ಕೇಳೋರಿಲ್ಲ" ಅಂತಾರೆ. ಗಾಡಿಯವರನ್ನು ಕೇಳಿದರೆ ಉಲ್ಟಾ: "ದೊಡ್ಡ ಹೋಟೆಲ್‌ನ ಅಡುಗೆಮನೆಗೆ ಯಾರು ಸಾರ್ ಹೋಗ್ತಾರೆ? ನಾವು ಬೀದಿಯಲ್ಲಿ ಇದ್ದೀವಿ, ಕೈಗೆ ಸಿಗ್ತೀವಿ." ಇಬ್ಬರೂ ಹೇಳೋದು ಒಂದೇ ಮಾತು. ಕಾನೂನು ಅಂದರೆ ಯಾರೋ ಬಂದು ಹಿಡಿಯೋದು. ಹಾಗಾಗಿ ಇಬ್ಬರ ಜಾಣತನವೂ ಸಿಕ್ಕಿಬೀಳದ ಹಾಗೆ ನೋಡಿಕೊಳ್ಳೋದರಲ್ಲೇ ಖರ್ಚಾಗುತ್ತೆ. ಪಾತ್ರೆ ತೊಳೆಯೋದರಲ್ಲಿ ಅಲ್ಲ.

ಕಾಯ್ದೆ ಓದಿದರೆ ಬೇರೆ ಚಿತ್ರ ಸಿಗುತ್ತೆ. ಅದರ 32ನೇ ಸೆಕ್ಷನ್ ಪ್ರಕಾರ, ನಿಯಮ ಪಾಲಿಸದ ಹೋಟೆಲ್‌ಗೆ ಅಂಕಿತಾಧಿಕಾರಿ ಮೊದಲು ಸುಧಾರಣಾ ನೋಟಿಸ್ ಕೊಡಬಹುದು. ಏನು ತಪ್ಪು, ಏನು ಸರಿಮಾಡಬೇಕು ಅಂತ ಅದರಲ್ಲಿ ಬರೆದಿರಬೇಕು. 14 ದಿನಕ್ಕೆ ಕಡಿಮೆ ಇಲ್ಲದಷ್ಟು ಸಮಯ ಕೊಡಬೇಕು. ಸರಿಮಾಡದಿದ್ದರೆ ಲೈಸೆನ್ಸ್ ಅಮಾನತು, ಆಮೇಲೂ ಇಲ್ಲ ಅಂದರೆ ರದ್ದು. ಸ್ಯಾಂಪಲ್ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಬೇಕು. ಮಾಲೀಕ ಕೇಳಿದರೆ ಒಂದು ಭಾಗ ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ ಹೋಗುತ್ತೆ. ವರದಿ ಒಪ್ಪದಿದ್ದರೆ ಮೇಲ್ಮನವಿಗೂ ದಾರಿ ಇದೆ. ಅಂದರೆ ಕಾನೂನಿನ ಮೊದಲ ಹೆಜ್ಜೆ "ಸರಿಮಾಡಿಕೊಳ್ಳಿ", "ಒಳಗೆ ಹಾಕ್ತೀನಿ" ಅಲ್ಲ. ಆದರೆ ಸುಧಾರಣಾ ನೋಟಿಸ್‌ನಲ್ಲಿ ದೃಶ್ಯ ಇಲ್ಲ. ಕ್ಯಾಮೆರಾಗೆ ಬೇಕಾದ್ದು ಚೆಲ್ಲಿದ ಚಟ್ನಿ, ಎಸೆದ ಗೋಬಿ. ಹಾಗಾಗಿ ಊರಿಗೆಲ್ಲ ಗೊತ್ತಾಗೋದು ಆ ಕೊನೆಯ ಹೆಜ್ಜೆ ಮಾತ್ರ.

ಈಗ ನಮ್ಮ ಕಡೆ ತಿರುಗೋಣ, ಅಂದರೆ ತಿನ್ನುವವರ ಕಡೆ. ನಮ್ಮ ಹತ್ತಿರ ಕೆಲವು ನಂಬಿಕೆಗಳಿವೆ. ಒಂದೊಂದಾಗಿ ನೋಡೋಣ.

"ಬಿಸಿಬಿಸಿ ತಿಂದ್ರೆ ಏನೂ ಆಗಲ್ಲ." ಅರ್ಧ ಸತ್ಯ. ಬಿಸಿ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತೆ. ಆದರೆ ಕೆಲವು ರೋಗಾಣು ಸಾಯುವ ಮೊದಲೇ ಆಹಾರದಲ್ಲಿ ವಿಷ ಬಿಟ್ಟಿರುತ್ತೆ, ಅದು ಮತ್ತೆ ಕಾಸಿದರೂ ಹೋಗಲ್ಲ. ಅನ್ನವನ್ನೇ ತಗೊಳ್ಳಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರ್ತವೆ, ಬೇಯಿಸಿದರೂ ಉಳೀತವೆ. ರಾತ್ರಿಯ ಅನ್ನ ಫ್ರಿಜ್ಜಿಗೆ ಹೋಗದೆ ಹೊರಗೇ ಇದ್ದರೆ ಅವು ಮೊಳೆತು ವಿಷ ತಯಾರಿಸ್ತವೆ. ಬೆಳಿಗ್ಗೆ ಅದಕ್ಕೆ ಒಗ್ಗರಣೆ ಹಾಕಿ ಹೊಗೆಯಾಡುವ ಚಿತ್ರಾನ್ನ ಕೊಟ್ಟರೂ ಆ ವಿಷ ಅಲ್ಲೇ ಇರುತ್ತೆ.

"ಜನ ಜಾಸ್ತಿ ಇರೋ ಕಡೆ ಚೆನ್ನಾಗಿರುತ್ತೆ." ಇದರಲ್ಲೂ ಸ್ವಲ್ಪ ತರ್ಕ ಇದೆ. ಬೇಗ ಖಾಲಿಯಾಗುವ ಅಡುಗೆ ಹೆಚ್ಚು ಹೊತ್ತು ಕೂರಲ್ಲ. ಆದರೆ ಅದೇ ಜನಜಂಗುಳಿಯಲ್ಲಿ ತಟ್ಟೆಗಳು ಒಂದೇ ಬಕೆಟ್ ನೀರಿನಲ್ಲಿ ಮುಳುಗಿ ಏಳ್ತವೆ. ಹೋಟೆಲ್ ಕೌಂಟರಿನಲ್ಲಿ ಚಮಚ ಹಾಕಿಟ್ಟ ಬಿಸಿನೀರಿನ ಪಾತ್ರೆ ನೋಡಿದ್ದೀರಲ್ಲ? ಆಹಾರ ಸುರಕ್ಷತೆಯ ಲೆಕ್ಕದಲ್ಲಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಬೆಳಿಗ್ಗೆ ಏಳಕ್ಕೆ ಕುದಿಯುತ್ತಿದ್ದ ಆ ನೀರು ಹತ್ತೂವರೆಗೆ ಉಗುರುಬೆಚ್ಚಗಾಗಿರುತ್ತೆ. ಆಗ ಅದು ಚಮಚ ಶುದ್ಧಮಾಡುವ ನೀರಲ್ಲ, ಎಲ್ಲರ ಬಾಯಿಯನ್ನೂ ಒಂದುಗೂಡಿಸುವ ನೀರು.

"ನಮ್ಮ ಹೊಟ್ಟೆಗೆ ಎಲ್ಲ ಅಭ್ಯಾಸ ಆಗಿದೆ." ನಿಮ್ಮ ಹೊಟ್ಟೆಗೆ ಆಗಿರಬಹುದು. ಅದೇ ತಟ್ಟೆಯಲ್ಲಿ ತಿನ್ನುವ ನಿಮ್ಮ ನಾಲ್ಕು ವರ್ಷದ ಮಗುವಿಗೆ, ಬಸುರಿ ತಂಗಿಗೆ, ಸಕ್ಕರೆ ಕಾಯಿಲೆಯ ಅಪ್ಪನಿಗೆ ಆಗಿರಲ್ಲ.

ಇನ್ನು ಅಧಿಕಾರಿಗಳ ಕಡೆ. ಒಂದು ಲೆಕ್ಕ ಹಾಕೋಣ, ಇದು ಉದಾಹರಣೆ ಮಾತ್ರ. ಒಬ್ಬ ಆಹಾರ ಸುರಕ್ಷತಾಧಿಕಾರಿಯ ವ್ಯಾಪ್ತಿಯಲ್ಲಿ 2,000 ಹೋಟೆಲ್, ಬೇಕರಿ, ಗಾಡಿ ಇವೆ ಅಂದುಕೊಳ್ಳಿ. ದಿನಕ್ಕೆ 4 ಕಡೆ ಹೋದರೂ, ವರ್ಷಕ್ಕೆ 250 ಕೆಲಸದ ದಿನಕ್ಕೆ 1,000 ಆಯ್ತು. ಸ್ಯಾಂಪಲ್ ಕಳಿಸೋದು, ಕೋರ್ಟು, ಮೀಟಿಂಗು ಅಂತ ಅರ್ಧ ಸಮಯ ಕಳೆದರೆ 500. ಅಂದರೆ ಒಂದೇ ಹೋಟೆಲ್‌ಗೆ ಮತ್ತೆ ಬರೋದು ನಾಲ್ಕು ವರ್ಷಕ್ಕೆ. ಉಳಿದ 1,400ಕ್ಕೂ ಹೆಚ್ಚು ದಿನ ಅಲ್ಲಿ ಯಾರಿದ್ದರು? ನಾವಿದ್ದೆವು. ದಿನಾ ಹೋಗಿ ಕಾಫಿ ಕುಡಿದು ಬರುವ ಗಿರಾಕಿಗಳು. ಇಲಾಖೆಗೆ ಎಷ್ಟೇ ಜನ ಸೇರಿಸಿದರೂ ಗಿರಾಕಿಯ ಎರಡು ಕಣ್ಣಿನ ಜಾಗ ತುಂಬೋಕೆ ಆಗಲ್ಲ. ಆದರೆ ಆ ಕಣ್ಣಿಗೆ ನೋಡೋಕೆ ಏನಾದರೂ ಕಾಣಬೇಕಲ್ಲ?

ಕಾಣಿಸೋದು ನಮಗೆ ಹೊಸದಲ್ಲ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮ ಎಂಟಿಆರ್, ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲ್‌ಗಳ ಶುಚಿತ್ವ ನೋಡಿ ಬಂದರು. ಬಂದವರು ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಮಾಡುವ ವ್ಯವಸ್ಥೆ ತಂದರು. ಗಿರಾಕಿಗಳು ಅಡುಗೆಮನೆ ನೋಡಿಕೊಂಡೇ ಊಟದ ಹಾಲಿಗೆ ಹೋಗುವ ಪದ್ಧತಿ ಬಂತು. ಆಗ ಎಫ್‌ಎಸ್‌ಎಸ್‌ಎಐ ಇರಲಿಲ್ಲ, 1954ರ ಕಾಯ್ದೆಯೂ ಇನ್ನೂ ಬಂದಿರಲಿಲ್ಲ. ಯಾರೂ ದಂಡ ಹಾಕಿರಲಿಲ್ಲ. ಅಡುಗೆಮನೆ ತೋರಿಸೋದೇ ವ್ಯಾಪಾರ ಅಂತ ಅವರು ಅರ್ಥಮಾಡಿಕೊಂಡಿದ್ದರು. ಆಮೇಲೆ 1980ರ ದಶಕದಲ್ಲಿ ಶುರುವಾದ ದರ್ಶಿನಿಗಳಲ್ಲಿ ಕೌಂಟರ್ ಆಚೆಗೇ ಹಂಚು. ದೋಸೆ ಹುಯ್ಯೋದು ಕಣ್ಣೆದುರಿಗೇ. ಹೆಸರಲ್ಲೇ ನೋಟ ಇದೆ.

ಆದರೆ ದೋಸೆ ಹಂಚು ಕಾಣುತ್ತೆ, ಚಟ್ನಿ ರುಬ್ಬುವ ಜಾಗ ಕಾಣಲ್ಲ, ನೀರಿನ ಟ್ಯಾಂಕ್ ಕಾಣಲ್ಲ. ಅದಕ್ಕೇ ಬೇರೆ ದೇಶಗಳು ತಪಾಸಣೆಯ ಫಲಿತಾಂಶವನ್ನೇ ಬಾಗಿಲಿಗೆ ತಂದವು. ನ್ಯೂಯಾರ್ಕ್‌ನಲ್ಲಿ 2010ರಿಂದ ಹೋಟೆಲ್ ಬಾಗಿಲಿನಲ್ಲಿ ಎ, ಬಿ, ಸಿ ಅಂತ ಅಕ್ಷರ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಿಂದ ಸೊನ್ನೆಯಿಂದ ಐದರವರೆಗಿನ ಅಂಕ ಹಾಕೋದು ಕಡ್ಡಾಯ. ಒಳಗೆ ಹೋಗುವ ಮೊದಲೇ ಗಿರಾಕಿಗೆ ಗೊತ್ತಾಗುತ್ತೆ. ನಮ್ಮಲ್ಲೂ ಎಫ್‌ಎಸ್‌ಎಸ್‌ಎಐನ ಶುಚಿತ್ವದ ರೇಟಿಂಗ್ ಯೋಜನೆ ಇದೆ, ಒಂದರಿಂದ ಐದು. ಆದರೆ ಅದು ಸ್ವಯಂಪ್ರೇರಿತ. ಪರೀಕ್ಷೆಗೆ ಕೂರೋದು ಇಷ್ಟ ಇದ್ದವರು ಮಾತ್ರ ಅಂದಮೇಲೆ ಫೇಲ್ ಆಗೋರು ಯಾಕೆ ಕೂರ್ತಾರೆ?

ನನ್ನ ಮಾತು ಇಷ್ಟೇ: ಈ ರೇಟಿಂಗ್ ಕಡ್ಡಾಯ ಆಗಲಿ, ಬಾಗಿಲಲ್ಲಿ ಕನ್ನಡದಲ್ಲಿ ಕಾಣಲಿ. ಕಡಿಮೆ ಅಂಕ ಬಂದವರಿಗೆ ಮತ್ತೆ ಬೇಗ ತಪಾಸಣೆ ಮಾಡಿಸಿಕೊಳ್ಳುವ ಅವಕಾಶ ಇರಲಿ. ಒಂದು ತಿಂಡಿಗೆ ಕೆಟ್ಟ ಹೆಸರು ಬಂದರೆ ಬಣ್ಣ ಹಾಕದ ಗಾಡಿಯವರ ಹೊಟ್ಟೆಗೂ ಹೊಡೆತ. ಒಂದೊಂದು ಅಂಗಡಿಗೂ ಅದರದ್ದೇ ಅಂಕ ಇದ್ದರೆ ಒಳ್ಳೆಯವರು ಉಳೀತಾರೆ. ತಳ್ಳುಗಾಡಿಯವರ ಮಾತು ಬಂದಾಗ ಪಾಲಿಕೆಯೂ ಉತ್ತರ ಕೊಡಬೇಕು. ನಲ್ಲಿ ನೀರಿಲ್ಲದ, ಚರಂಡಿ ಇಲ್ಲದ ಜಾಗದಲ್ಲಿ ನಿಲ್ಲಿಸಿ "ಶುಚಿಯಾಗಿ ಇಟ್ಟುಕೊಳ್ಳಿ" ಅಂದರೆ ಹೇಗೆ ಇಟ್ಟುಕೊಳ್ಳೋದು? ದಾಳಿ ಮಾಡಿ ಬಣ್ಣದ ಡಬ್ಬಿ ಕಿತ್ತುಕೊಳ್ಳಬಹುದು. ದಾಳಿ ಮಾಡಿ ನೀರು ಕೊಡೋಕಾಗಲ್ಲ.

ಅಲ್ಲಿಯವರೆಗೆ ನಾವು ಮಾಡಬಹುದಾದ್ದು ಏನು? ಹೋಟೆಲ್ ಬಿಲ್ ತೆಗೆದು ನೋಡಿ. 2022ರ ಜನವರಿ 1ರಿಂದ ಅದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲೇಬೇಕು. ಅದು ಇದ್ದ ಮಾತ್ರಕ್ಕೆ ಅಡುಗೆಮನೆ ಚೊಕ್ಕ ಅಂತ ಅಲ್ಲ. ಇಲಾಖೆಯ ಪುಸ್ತಕದಲ್ಲಿ ಅವರ ಹೆಸರಿದೆ, ದೂರು ಕೊಟ್ಟರೆ ಯಾರ ಮೇಲೆ ಅಂತ ಗೊತ್ತಾಗುತ್ತೆ, ಅಷ್ಟೇ. ಅದೂ ಇಲ್ಲ ಅಂದರೆ ಕೇಳಿ. ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು: ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಸಾಮಾನ್ಯ ಗಿರಾಕಿಯೇ ತಾನು ಕೊಂಡ ತಿನಿಸನ್ನು ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಹಾಗಂತ ಹೇಳಿರಬೇಕು. ತಿನಿಸು ನಿಯಮಕ್ಕೆ ವಿರುದ್ಧ ಅಂತ ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್.

ಎಲ್ಲಕ್ಕಿಂತ ಸುಲಭದ್ದು, ದುಡ್ಡು ಖರ್ಚಾಗದ್ದು ಒಂದಿದೆ. ನಾಳೆ ಗೋಬಿ ಗಾಡಿ ಮುಂದೆ ನಿಂತಾಗ ಪ್ಲೇಟಿಗೆ ಬಂದದ್ದು ಮಂಕಾಗಿ, ಕಂದು ಬಣ್ಣಕ್ಕೆ ಇದ್ದರೆ ಮುಖ ಸಿಂಡರಿಸಬೇಡಿ. "ಕಲರ್ ಹಾಕಿಲ್ವಾ? ಒಳ್ಳೇದಾಯ್ತು ಬಿಡಿ" ಅನ್ನಿ. ಆ ಮಾತು ಹತ್ತು ಗಿರಾಕಿಗಳಿಂದ ಕಿವಿಗೆ ಬಿದ್ದರೆ, ಹನ್ನೊಂದನೆಯವರಿಗೆ ಅವರು ಡಬ್ಬಿ ತೆಗೆಯಲ್ಲ.